ಪುಸ್ತಕದ ಎಡ, ಕುರಿಯ ಎಡ

ನನಗಾಗ ಅರವತ್ತೇಳು ನಡೆಯುತ್ತಿತ್ತು. ಎರಡು ವರ್ಷದ ಹಿಂದಿನ ಮಾತು. ಆ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಎಲ್ಲ ವಿಷಯಗಳನ್ನೂ ದಾಟಿ ವಿಜ್ಞಾನದಲ್ಲಿ ಮುಗ್ಗರಿಸಿದಳು. ಇಂಗ್ಲಿಷ್ ಪಾಸು, ಲೆಕ್ಕ ಪಾಸು, ಹಿಂದಿ ಕೂಡ ಪಾಸು. ವಿಜ್ಞಾನ ಒಂದು ಹೋಯಿತು. ಈಗ ಫೇಲಾದವರಿಗೆ ಅದೇ ವರ್ಷ ಇನ್ನೊಂದು ಪರೀಕ್ಷೆ ಇಡುತ್ತಾರೆ. ಮುಂಗಾರು ಹಿಡಿಯುವ ಹೊತ್ತಿಗೆ ಅದು ಬರುವುದಿತ್ತು.

ನಾವು ಕುರಿಯವರು. ಮನೆ ಇರುವುದು ಹೊಸದುರ್ಗ ತಾಲ್ಲೂಕಿನ ಮತ್ತೋಡು ಕಡೆಯ ಒಂದು ಹಟ್ಟಿಯಲ್ಲಿ. ಮನೆ ಅಂದರೆ ಬೀಗ ಹಾಕಲು ಒಂದು ಜಾಗ ಅಷ್ಟೇ, ಬದುಕೆಲ್ಲ ಹೊರಗೆ. ಕೊಯ್ಲಾದ ಹೊಲದವರು ಕರೆಯುತ್ತಾರೆ, ಮಂದೆಯನ್ನು ರಾತ್ರಿ ಅವರ ಹೊಲದಲ್ಲಿ ತರುಬಿ ನಿಲ್ಲಿಸುತ್ತೇವೆ. ಗಂಜಲ, ಹಿಕ್ಕೆ ಅವರ ನೆಲಕ್ಕೆ ಗೊಬ್ಬರ, ಕಾಳು ನಮಗೆ. ಆಮೇಲೆ ಮುಂದಿನ ಹೊಲ. ಹೊಳಲ್ಕೆರೆಯ ತೋಟ, ಹಿರಿಯೂರಿನ ಕಾಲುವೆ ಬಯಲು, ತುರುವನೂರಿನ ಎರೆ ಹೊಲ, ನಡುವೆ ಚಿತ್ರದುರ್ಗದ ಸಂತೆ. ನನ್ನ ಭೂಗೋಳ ಇಷ್ಟೇ.

ಅದಕ್ಕೂ ಎರಡು ವರ್ಷ ಮೊದಲು ನಾನು ಕಾಲುವೆಯ ದಂಡೆಯಲ್ಲಿ ಜಾರಿ ಬಿದ್ದು ಕಾಲಿನ ಹರಡಿನ ಮೂಳೆ ಮುರಿದುಕೊಂಡಿದ್ದೆ. ಮೂಳೆ ಕೂಡಿಕೊಂಡಿತು. ಆದರೂ ಮಗ "ಇನ್ನು ಮನೇಲಿರವ್ವ" ಅಂದ. ಮೊಮ್ಮಗಳಿಗೂ ಶಾಲೆಗೆ ಹೋಗಲು ಒಂದು ಕಡೆ ನಿಲ್ಲಬೇಕಿತ್ತು. ಅವಳಿಗೆ ನಾನು ಕಾವಲು, ನನಗೆ ಅವಳು ಕಾವಲು. ಜೊತೆಗೆ ಕುಂಟುವ ಎರಡು ಕುರಿಗಳನ್ನೂ ಮಗ ಬಿಟ್ಟುಹೋದ. ಕುಂಟುವವರನ್ನೆಲ್ಲ ಒಂದೇ ಕಡೆ ಸೇರಿಸಿದ ಹಾಗಿತ್ತು.

ನನಗೆ ಮನೆ ಒಗ್ಗಲಿಲ್ಲ. ಬೆಳಗಾಗುವ ಮುಂಚೆ ಎಚ್ಚರವಾಗುತ್ತಿತ್ತು, ಎದ್ದು ಹೊರಗೆ ಬಂದರೆ ಬಿಡಲು ಮಂದೆಯಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದೆ. ಹಟ್ಟಿಯ ಈ ತುದಿಯಿಂದ ಆ ತುದಿಗೆ ಹೋಗಿ, ಅಲ್ಲಿ ಏನೂ ಕೆಲಸವಿಲ್ಲವೆಂದು ನೆನಪಾಗಿ ವಾಪಸು ಬರುತ್ತಿದ್ದೆ. ಪಕ್ಕದ ಮನೆಯವಳು ಕೇಳುತ್ತಿದ್ದಳು, "ಏನಕ್ಕಾ, ಏನಾರ ಕಳಕಂಡಿದ್ಯಾ?" ಇಲ್ಲ ಅನ್ನುತ್ತಿದ್ದೆ. ಅವಳು ನಂಬುತ್ತಿರಲಿಲ್ಲ.

ಫಲಿತಾಂಶ ಬಂದ ಸಂಜೆಯೇ ಹಿರಿಯೂರು ಕಡೆಯಿಂದ ಮಗನ ಫೋನು ಬಂತು.

"ಅವ್ವಾ, ಇಲ್ಲಿ ಮರಿ ನೋಡಾಕೆ ಜನ ಇಲ್ಲ. ನಿನ್ನ ಸೊಸೆ ಒಬ್ಬಳೇ ಅಡಿಗೆ ನೋಡ್ತಾಳಾ, ಮರಿ ನೋಡ್ತಾಳಾ? ಹುಡುಗೀನ ಕಳಿಸು."

"ಅವಳಿಗೆ ಇನ್ನೊಂದು ಪರೀಕ್ಷೆ ಐತೆ."

"ಅದ್ರಾಗೂ ಫೇಲಾದ್ರೆ?"

"ಅವಾಗ ಕರ್ಕಂಡು ಹೋಗು, ಬ್ಯಾಡ ಅನ್ನಲ್ಲ."

"ಪಾಸಾದ್ರೆ? ಮರೀನ ಯಾರು ನೋಡ್ತಾರೆ, ನಿನ್ನ ವಿಜ್ಞಾನ ನೋಡ್ತೈತಾ?"

"ಪಾಸಾದ್ರೆ ಅವಳು ಹೊಸದುರ್ಗದ ಹಾಸ್ಟೆಲಿಗೆ ಹೋಗ್ತಾಳೆ. ನಾನು ಮರಿ ನೋಡಾಕೆ ಬರ್ತೀನಿ."

ಮಗ ನಕ್ಕ. "ಆ ಕಾಲಿಟ್ಕಂಡು?"

"ಕಾಲು ನಂದು. ನೀನೇನು ಹೊತ್ಕಂಡು ತಿರುಗ್ತೀಯಾ?"

ಆಯಿತು ಅಂದ. ಇವಳು ಪಾಸಾಗುವುದಿಲ್ಲ ಎಂಬ ಧೈರ್ಯದಲ್ಲಿ ಅಂದ. ಹಾಗಾಗಿ ಮಾತು ಇದು: ಹುಡುಗಿ ವಿಜ್ಞಾನ ದಾಟಿದರೆ ಅವಳು ಕಾಲೇಜಿಗೆ, ನಾನು ಮಂದೆಗೆ. ದಾಟದಿದ್ದರೆ ಅವಳು ಮಂದೆಗೆ, ನಾನು ಎರಡು ಕುಂಟು ಕುರಿಗಳ ಜೊತೆ ಆ ಬೀಗದ ಮನೆಗೆ. ಹೆಣ್ಣುಮಕ್ಕಳ ವಿದ್ಯೆ ಎಂದು ಜನ ದೊಡ್ಡದಾಗಿ ಮಾತಾಡುತ್ತಾರೆ. ನನಗೆ ಮೊದಲು ನೆನಪಾದದ್ದು ಕುರಿ ಕಾಯುವ ನನ್ನ ಕೋಲು. ಅದೂ ಅಲ್ಲದೆ, ಕುರಿ ಕಾಯುವುದರಲ್ಲಿ ಅವಳಷ್ಟು ನಾಲಾಯಕ್ಕು ನಮ್ಮ ವಂಶದಲ್ಲಿ ಹುಟ್ಟಿಲ್ಲ. ಒಂದು ಸಲ ರಜೆಯಲ್ಲಿ ಮಂದೆಗೆ ಬಂದವಳು ಅಪ್ಪನ ಮೊಬೈಲು ನೋಡುತ್ತಾ ಕೂತು, ಯಾರದೋ ಅಲಸಂದೆ ಹೊಲಕ್ಕೆ ಪೂರಾ ಮಂದೆಯನ್ನೇ ನುಗ್ಗಿಸಿದ್ದಳು. ಹೊಲದವನಿಗೆ ಅವಳ ಅಪ್ಪ ಕೈಮುಗಿದು ನಿಂತಿದ್ದ. ಅಂಥವಳನ್ನು ಮಂದೆಗೆ ಕಳಿಸುವುದು ಕುರಿಗಳಿಗೂ ಒಳ್ಳೆಯದಲ್ಲ.

ಅವಳನ್ನೇ ಕೇಳಿದೆ, "ಪಾಸಾದ್ರೆ ಕಾಲೇಜಾಗೆ ಏನು ಓದ್ತೀಯೇ?"

"ಆರ್ಟ್ಸ್ ಕಣಜ್ಜಿ."

"ಅದ್ರಾಗೆ ಈ ವಿಜ್ಞಾನ ಐತಾ?"

"ಇಲ್ಲ. ಇದೊಂದು ದಾಟಿಬಿಟ್ರೆ ಜೀವಮಾನದಾಗೆ ಈ ಪುಸ್ತಕ ಮುಟ್ಟಲ್ಲ."

ಒಳ್ಳೆಯ ಉತ್ತರ ಅನ್ನಿಸಿತು. ಕಾಲುವೆ ದಾಟುವವರು ಕಾಲುವೆಯನ್ನು ಪ್ರೀತಿ ಮಾಡಬೇಕಾಗಿಲ್ಲ.

ನನ್ನ ಓದಿನ ಬಗ್ಗೆ ಹೇಳಿಬಿಡುತ್ತೇನೆ. ಮಕ್ಕಳಾದ ಮೇಲೆ ಸಂಜೆ ಶಾಲೆಯಲ್ಲಿ ಕೂತು ಅಕ್ಷರ ಕಲಿತವಳು ನಾನು. ಬಸ್ಸಿನ ಬೋರ್ಡು ಓದುತ್ತೇನೆ. ಒತ್ತಕ್ಷರ ಬಂದರೆ ಎಡವುತ್ತೇನೆ. ಇದನ್ನು ಬರೆಯುವಾಗಲೂ ಒತ್ತುಗಳನ್ನೆಲ್ಲ ಮೊಮ್ಮಗಳೇ ತಿದ್ದಿದ್ದಾಳೆ. ಮಾತನ್ನು ತಿದ್ದಲು ಬಿಟ್ಟಿಲ್ಲ.

ಶಾಲೆಯಲ್ಲಿ ಫೇಲಾದ ಮಕ್ಕಳಿಗೆಂದು ವಿಶೇಷ ತರಗತಿ ನಡೆಯುತ್ತಿತ್ತು. ವಿಜ್ಞಾನದ ಮೇಡಂ ಇವರಿಗೆ ಒಂದು ದಾರಿ ಹೇಳಿಕೊಟ್ಟಿದ್ದರು. ಇಡೀ ಪುಸ್ತಕ ಓದಲು ಹೋಗಬೇಡಿ, ಚಿತ್ರಗಳನ್ನು ಕಲಿಯಿರಿ. ಹೃದಯ, ಕಣ್ಣು, ಮೆದುಳು, ಹೂವು, ಮೂತ್ರಪಿಂಡ, ಕರೆಂಟು ಹುಟ್ಟಿಸುವ ಯಂತ್ರ. ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಅಂಕ ಎಲ್ಲೂ ಹೋಗುವುದಿಲ್ಲ. ಜೊತೆಗೆ ಒಂದಷ್ಟು ನಿಯಮ, ಒಂದಷ್ಟು ವ್ಯಾಖ್ಯೆ, ಎರಡು ಮೂರು ಸಮೀಕರಣ.

ಹುಡುಗಿ ಕೂತು ಓದುವ ಜಾತಿಯಲ್ಲ, ಅದು ನನ್ನಿಂದಲೇ ಬಂದಿರಬೇಕು. ಹೊಸ್ತಿಲ ಮೇಲೆ ಹೃದಯ ಶುರು ಮಾಡಿದರೆ ಬೇವಿನ ಮರದ ಕೆಳಗೆ ಕಣ್ಣು, ಅಲ್ಲಿಂದ ಜಗಲಿಗೆ ಬಂದು ಆಮ್ಲ, ಪ್ರತ್ಯಾಮ್ಲ. ಓಡಾಡುತ್ತಾ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ಒಂದು ಸಂಜೆ ನೋಡುತ್ತೇನೆ, ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಮೂರು ದಿಕ್ಕಿಗೆ ಸೆಟೆದುಕೊಂಡು ಬೇವಿನ ಮರದ ಕೆಳಗೆ ನಿಂತಿದ್ದಾಳೆ.

"ಏನೇ ಅದು, ಕೈ ಹಿಡಕಂತಾ?"

"ಎಡಗೈ ನಿಯಮ ಕಣಜ್ಜಿ. ಕರೆಂಟಿನ ತಂತಿ ಯಾವ ಕಡೆ ಒದ್ಕಂತದೆ ಅಂತ ಈ ಬೆರಳು ಹೇಳ್ತದೆ."

"ತಂತಿ ಒದ್ದು ಸತ್ತೋರಿದಾರೆ, ಯಾರೂ ಬೆರಳು ನೋಡ್ಕಂಡು ಕುಂತಿರಲಿಲ್ಲ."

"ಅಜ್ಜೀ, ಸುಮ್ನಿರ್ತೀಯಾ!"

ಸುಮ್ಮನಿರಲು ನನಗೆ ಬರುವುದಿಲ್ಲ. ನಾನೂ ಈ ಕೆಲಸಕ್ಕೆ ಇಳಿದೆ. ಅವಳು ಚಿತ್ರ ಬರೆಯುವುದು, ನಾನು ಪುಸ್ತಕದ ಚಿತ್ರವನ್ನು ಪಕ್ಕಕ್ಕೆ ಹಿಡಿದು ಏನು ಬಿಟ್ಟುಹೋಗಿದೆ ಎಂದು ಹೇಳುವುದು. ಇದು ನನಗೆ ಹೊಸದಲ್ಲ. ಕುರಿಯನ್ನು ಎಣಿಸುವವರು ಹೊಸಬರು. ಹಳಬರು ಸಂಜೆ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಾರೆ, ಯಾವುದು ಬಂದಿಲ್ಲ ಎಂಬುದು ತಾನಾಗಿ ಕಣ್ಣಿಗೆ ಬೀಳುತ್ತದೆ. ಚಿತ್ರವನ್ನೂ ಹಾಗೇ ನೋಡಿದೆ.

"ಕಣ್ಣಿನ ಹಿಂದ್ಗಡೆ ಒಂದು ಗೆರೆ ಐತೆ, ನೀನು ಹಾಕಿದ್ರಾಗೆ ಇಲ್ಲ."

"ಅದು ಅಕ್ಷಿಪಟಲ."

"ಹೆಸರು ಕಟ್ಕಂಡು ನನಗೇನು, ಮೊದ್ಲು ಹಾಕು."

ಹೂವಿನಲ್ಲಿ ನಡುವಿನ ಕಂಬ ಬಿಟ್ಟಿದ್ದಳು. ಮೂತ್ರಪಿಂಡದಲ್ಲಿ ಒಂದು ಕೊಳವೆಯನ್ನು ಗಾಳಿಯಲ್ಲಿ ಬಿಟ್ಟಿದ್ದಳು, ಅದು ಎಲ್ಲಿಗೂ ಸೇರಿರಲಿಲ್ಲ. ಎಲ್ಲ ಹಿಡಿದೆ. ದಿನ ಕಳೆದ ಹಾಗೆ ಬಿಡುವುದು ಕಡಿಮೆಯಾಯಿತು. ಹುಡುಗಿಗೆ ಸ್ವಲ್ಪ ಧೈರ್ಯ ಬಂತು. ನಾನು ಯಾರಿಗೂ ಹೇಳದೆ ಮಂದೆಗೆ ಒಯ್ಯುವ ಕಂಬಳಿ ಕೊಡವಿ ಬಿಸಿಲಿಗೆ ಹಾಕಿದೆ.

ಆಮೇಲೆ ಹೃದಯ ಬಂತು.

ಪುಸ್ತಕದ ಹೃದಯದ ಸುತ್ತ ಎಷ್ಟೊಂದು ಹೆಸರು. ಹೃತ್ಕರ್ಣ, ಹೃತ್ಕುಕ್ಷಿ, ಮಹಾಪಧಮನಿ. ಒಂದೂ ನನ್ನ ಬಾಯಲ್ಲಿ ಹೊರಳಲಿಲ್ಲ. ಅದರಲ್ಲಿ ನಾನು ಎಡವದೆ ಓದಬಲ್ಲ ಮಾತು ಎರಡೇ. ಒಂದು 'ಎಡ', ಇನ್ನೊಂದು 'ಬಲ'. ಒತ್ತಿಲ್ಲ, ದೀರ್ಘವಿಲ್ಲ. ಅದಕ್ಕೇ ಕಣ್ಣು ಅಲ್ಲೇ ನಿಂತಿತು. ಹುಡುಗಿ ಬರೆದ ಚಿತ್ರದಲ್ಲಿ 'ಎಡ' ಎಂಬುದು ಹಾಳೆಯ ಬಲಗಡೆ ಇತ್ತು.

"ಲೇ, ಎಡ ಯಾವ ಕಡೆ ಐತೆ ನೋಡೇ. ಬಲಕ್ಕೆ ಬರ್ದೀಯ."

"ಪುಸ್ತಕದಾಗೆ ಹಂಗೇ ಐತಜ್ಜಿ."

ನೋಡಿದೆ. ನಿಜ, ಪುಸ್ತಕದಲ್ಲೂ ಹಾಗೇ ಇತ್ತು.

"ಹಂಗಾದ್ರೆ ಅಚ್ಚು ಹಾಕಿದೋನು ಕುಡ್ದಿದ್ದ."

"ಸರ್ಕಾರದ ಪುಸ್ತಕ ಅದು!"

"ಸರ್ಕಾರದೋರು ಕುಡಿಯಲ್ವಾ?"

ನನ್ನ ಮಾತಿಗೆ ಕಾರಣವಿತ್ತು. ಕುರಿಯವರು ಕುರಿಯ ಹಿಂದೆ ಇರುತ್ತೇವೆ. ಮುಂದೆ ನಿಂತರೆ ಅದು ನಡೆಯುವುದಿಲ್ಲ. ಕುರಿಗೆ ಜ್ವರ ಬಂದರೆ ಹಿಂದಿನಿಂದ ಬಗ್ಗಿ ಎಡಗೈಯನ್ನು ಮುಂಗಾಲಿನ ಸಂದಿಗೆ ತೂರಿಸಿ ಎದೆಬಡಿತ ನೋಡುತ್ತೇವೆ. ಕುರಿಯ ಎಡ ನನ್ನ ಎಡ, ಕುರಿಯ ಬಲ ನನ್ನ ಬಲ. ಜೀವಮಾನವೆಲ್ಲ ನೋಡಿದ್ದು ಹೀಗೆ. ಎಡ ಎಂಬುದು ಎಡಗಡೆಯಲ್ಲದೆ ಇನ್ನೆಲ್ಲಿ ಇರಲು ಸಾಧ್ಯ?

ಹುಡುಗಿ ಅರ್ಧ ನಂಬಿದಳು. ಪೂರ್ತಿ ನಂಬಿಸಲು ನಾನೇ ಹೊರಟೆ. ಮಾರನೆಯ ದಿನ ಹಟ್ಟಿಯಲ್ಲಿ ಒಬ್ಬರ ಮನೆಯಲ್ಲಿ ಹರಕೆಗೆ ಮರಿ ಕುಯ್ದಿದ್ದರು. ಹೋಗಿ ಕುಯ್ಯುವವನ ಎದುರು ನಿಂತೆ.

"ಗುಂಡಿಗೆ ಕೊಡಪ್ಪ."

"ತೊಡೆ ತಗಳಜ್ಜಿ, ಗುಂಡಿಗೆ ಯಾಕೆ?"

"ಓದಾಕೆ."

"ಓಹೋ, ಗುಂಡಿಗೇನೂ ಓದಾಕೆ ಶುರು ಮಾಡಿದ್ಯಾ? ನನ್ನ ಗುಂಡಿಗ್ಯಾಗೆ ಏನು ಬರ್ದೈತೆ, ಓದು ನೋಡಾಣ."

"ನಿನ್ನದ್ರಾಗೆ ಏನೂ ಬರೆದಿಲ್ಲ, ಅದಕ್ಕೇ ಇದನ್ನ ಕೇಳ್ತಿರೋದು."

ಎಲೆಯಲ್ಲಿ ಸುತ್ತಿ ಕೊಟ್ಟ. ತಂದು ತಟ್ಟೆಯಲ್ಲಿಟ್ಟು ಈಳಿಗೆಯಲ್ಲಿ ಸೀಳಿದೆ. ಹುಡುಗಿ ಮೂಗು ಮುಚ್ಚಿಕೊಂಡು ಬಂದವಳು ಮೂಗು ಬಿಟ್ಟು ಬಗ್ಗಿ ನೋಡಿದಳು. ಪುಸ್ತಕದಲ್ಲಿ ಹೇಳಿದ ಹಾಗೇ ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ, ನಡುವೆ ಗೋಡೆ. ಒಂದು ಪಕ್ಕದ ಮಾಂಸ ದಪ್ಪ, ಇನ್ನೊಂದು ಪಕ್ಕ ತೆಳು. "ಎಡ ಹೃತ್ಕುಕ್ಷಿಯ ಗೋಡೆ ದಪ್ಪ" ಎಂದು ಅವಳು ಬಾಯಿಪಾಠ ಒಪ್ಪಿಸಿದಳು. ನಾನು ಗುಂಡಿಗೆಯನ್ನು ಕುರಿಯ ಮೈಯಲ್ಲಿ ಅದು ಇರುವ ಹಾಗೆ, ಹಿಂದಿನಿಂದ ನೋಡುವವರಿಗೆ ಕಾಣುವ ಹಾಗೆ ಹಿಡಿದೆ. ದಪ್ಪ ಗೋಡೆ ನಮ್ಮ ಎಡಕ್ಕೆ ಬಂತು.

"ಈಗೇನಂತೀಯ?"

"ಹೌದಲ್ಲಜ್ಜಿ. ಪುಸ್ತಕದಾಗೆ ದಪ್ಪ ಗೋಡೆ ಬಲಗಡೆ ಹಾಕ್ಯಾರೆ."

"ಅದಕ್ಕೇ ಹೇಳಿದ್ದು. ಎಲ್ಲಾ ತಿರುಗ್ಸಿ ಬರಿ."

ತಿರುಗಿಸಿ ಬರೆದಳು. ಗೋಡೆ ತಿರುಗಿತು, ಕೋಣೆ ತಿರುಗಿದವು, ಕೊಳವೆಗಳು ಮಾತ್ರ ಕೆಲವು ತಿರುಗಿದವು, ಕೆಲವು ಹಳೆಯ ಕಡೆಯೇ ಉಳಿದವು. ನಾಲ್ಕಾರು ಸಲ ಬರೆಸಿದೆ, ಕೈಗೆ ಕೂರಲಿ ಎಂದು. ಪಾಠ ಮುಗಿದ ಮೇಲೆ ಗುಂಡಿಗೆಯನ್ನು ಮೆಣಸು ಹಾಕಿ ಹುರಿದೆ. ಇಬ್ಬರೂ ತಿಂದೆವು.

ಎರಡು ದಿನ ಬಿಟ್ಟು ವಿಶೇಷ ತರಗತಿಯಿಂದ ಬಂದವಳು ಬ್ಯಾಗನ್ನು ಅಂಗಳದಿಂದಲೇ ಒಳಕ್ಕೆ ಎಸೆದಳು. ಕುಂಟು ಕುರಿಯೊಂದು ಬೆದರಿ ಎದ್ದು ನಿಂತಿತು.

"ಮೇಡಂ ಎಲ್ಲಾರ ಮುಂದೆ ನನ್ನ ಹಾಳೆ ಎತ್ತಿ ತೋರ್ಸಿದ್ರು. ಇದು ಯಾವ ಪ್ರಾಣಿದು ಅಂತ ಕೇಳಿದ್ರು."

"ಕುರೀದು ಅನ್ನಬೇಕಿತ್ತು."

"ಅಂದೆ! ಕ್ಲಾಸೆಲ್ಲ ಬಿದ್ದು ಬಿದ್ದು ನಕ್ತು."

"ಮತ್ತೆ ಅವರೇನಂದ್ರು?"

"ಪುಸ್ತಕದಾಗೆ ಇರೋ ಮನುಷ್ಯ ನಮ್ಮ ಕಡೆ ಮುಖ ಮಾಡ್ಕಂಡು ನಿಂತಾನಂತೆ. ಎದುರಿಗೆ ನಿಂತೋನ ಎಡ ನಮ್ಮ ಬಲಕ್ಕೆ ಬರ್ತದಂತೆ. ಯಾವಾಗ್ಲೂ ಹಂಗೇ ನೋಡಬೇಕಂತೆ."

"ಹಿಂದಿನಿಂದ ನೋಡಿದ್ರೆ ಏನಾಗ್ತದಂತೆ?"

"ಫೇಲಾಗ್ತದೆ!"

ನಾನು ಬಿಡಲಿಲ್ಲ. ಕುರಿ ಕಾಯುವವನು ಕುರಿಯ ಮುಂದೆ ನಿಲ್ಲುತ್ತಾನೇನೇ, ಅಂದೆ. ಪರೀಕ್ಷೆಯಾಗೆ ಕುರಿ ಕೇಳಲ್ಲ ಕಣಜ್ಜಿ, ಮನುಷ್ಯನ್ನ ಕೇಳ್ತಾರೆ, ಅಂದಳು. ನನ್ನ ಲೆಕ್ಕ ನಮ್ಮ ಕಡೆಯಿಂದ ಸರಿಯೇ ಇತ್ತು. ಪುಸ್ತಕ ಬರೆದವನು ಎದುರಿಗೆ ಕೂತು ಮಾತಾಡುವ ಡಾಕ್ಟರ ಜಾತಿಯವನು, ನಾವು ಹಿಂದೆ ನಡೆಯುವ ಜಾತಿ. ಆದರೆ ಅಂಕ ಕೊಡುವವರು ಅವನ ಕಡೆಯವರು.

ಇಷ್ಟಕ್ಕೇ ಮುಗಿದಿದ್ದರೆ ಸರಿ. ತಿದ್ದಿಕೊಂಡರೆ ಆಯಿತು ಎಂದುಕೊಂಡಿದ್ದೆ. ತಿದ್ದಲಾಗಲಿಲ್ಲ. ಕೈಗೆ ಕೂರಲಿ ಎಂದು ಬರೆಸಿದ್ದೆನಲ್ಲ, ಅದು ಕೂತೇಬಿಟ್ಟಿತ್ತು. ಪೆನ್ಸಿಲು ಹಿಡಿದರೆ ಒಂದು ಸಲ ಪುಸ್ತಕದ ಎಡ, ಒಂದು ಸಲ ಕುರಿಯ ಎಡ. ಅನುಮಾನ ಹೃದಯದಲ್ಲೇ ನಿಲ್ಲದೆ ಇಡೀ ಪುಸ್ತಕಕ್ಕೆ ಹಬ್ಬಿತು. ಎಡಗೈ ನಿಯಮಕ್ಕೆ ಬಲಗೈ ಚಾಚುತ್ತಿದ್ದಳು. ಕನ್ನಡಿಯ ಪಾಠದಲ್ಲಿ ಬೆಳಕಿನ ಗೆರೆ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗಬೇಕು ಎಂದು ಪೆನ್ಸಿಲು ಎತ್ತಿ ಹಿಡಿದು ಹಾಗೇ ಕೂರುತ್ತಿದ್ದಳು. ನೀರು ಕುಡಿಯಲು ಲೋಟ ಎತ್ತಿ, ಇದು ಯಾವ ಕೈ ಎಂದು ನೋಡಿಕೊಳ್ಳುತ್ತಿದ್ದಳು. ಒಂದು ಕುರಿಯ ಮೂಗಿಗೆ ಹುಳು ಬಿದ್ದರೆ ಹಿಂಡೆಲ್ಲ ತಲೆ ಒದರುತ್ತದಲ್ಲ, ಹಾಗೆ.

ಪರೀಕ್ಷೆಗೆ ವಾರವೂ ಇರಲಿಲ್ಲ. ಒಂದು ಬೆಳಿಗ್ಗೆ ಅವಳು ರೊಟ್ಟಿ ತಿನ್ನುವುದನ್ನು ಅರ್ಧಕ್ಕೆ ನಿಲ್ಲಿಸಿ ಹೇಳಿದಳು, "ಅಜ್ಜಿ, ನಾನು ಬರೆಯಲ್ಲ. ಅಪ್ಪನಿಗೆ ಫೋನ್ ಹಚ್ಚು. ಮರಿ ಕಾಯಾಕೆ ಹೋಗ್ತೀನಿ."

ಅವಳು ಅಳಲಿಲ್ಲ, ಅತ್ತಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆ. ತಣ್ಣಗೆ ಹೇಳಿದಳು. ನಾನು ಎದ್ದು ಹೊರಗೆ ಹೋದೆ. ಕೊಟ್ಟಿಗೆಯ ಸುತ್ತ ಒಂದು ಸುತ್ತು ಬಂದೆ. ಆ ಮನೆಯಲ್ಲಿ ನಾನೊಬ್ಬಳೇ, ಮುಂದಿನ ವರ್ಷ, ಅದರ ಮುಂದಿನ ವರ್ಷ, ಗುಡಿಸಿದ ಅಂಗಳ ಗುಡಿಸುತ್ತಾ. ಇನ್ನೊಂದು ಸುತ್ತು ಬಂದೆ. ಕಂಬಳಿ ಗಳದ ಮೇಲೆ ಒಣಗುತ್ತಿತ್ತು. ಒಳಗೆ ಬಂದು ಅವಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತೆ.

"ಪುಸ್ತಕ ಮುಚ್ಚು. ಹಾಳೆ ತಗ. ನನ್ನ ನೋಡ್ಕಂಡು ಬರಿ."

"ಏನನ್ನ?"

"ಗುಂಡಿಗೇನ. ಪುಸ್ತಕದ ಮನುಷ್ಯ ಎದುರಿಗೆ ನಿಂತಾನೆ ಅಂದ್ಯಲ್ಲ, ನಾನು ಎದುರಿಗೆ ಕುಂತೀನಿ. ನಾನೇ ಆ ಮನುಷ್ಯ. ನನ್ನ ಎಡ ಯಾವ್ದು?"

ತೋರಿಸಿದಳು.

"ನಿನ್ನ ಹಾಳೆಯಾಗೆ ಅದು ಯಾವ ಕಡೆ ಬರ್ತದೆ?"

ನೋಡಿದಳು. ನನ್ನನ್ನು ನೋಡಿದಳು, ಹಾಳೆ ನೋಡಿದಳು. "ಈ ಕಡೆ."

"ಹಂಗಾರೆ ಹಾಕು ದಪ್ಪ ಗೋಡೇನ ಆ ಕಡೆ."

ಹಾಕಿದಳು. ಅರ್ಧ ಬರೆಯುವಾಗ ನಾನು ಕಾಲು ಜೋಮು ಹಿಡಿದು ಸ್ವಲ್ಪ ತಿರುಗಿದೆ. "ಅಜ್ಜೀ, ಅಲ್ಲಾಡಬ್ಯಾಡ! ಮತ್ತೆ ಎಲ್ಲಾ ತಿರುಗ್ತದೆ" ಎಂದು ಕೂಗಿದಳು. ಅಲ್ಲಾಡಲಿಲ್ಲ. ಆ ವಾರವೆಲ್ಲ ಬೆಳಿಗ್ಗೆ ಒಂದು ಸರ್ತಿ, ಸಂಜೆ ಒಂದು ಸರ್ತಿ ಅವಳ ಎದುರಿಗೆ ಕಲ್ಲಿನ ಹಾಗೆ ಕೂತೆ. ಮುರಿದ ಹರಡು ಕೆಳಗೆ ಸಿಕ್ಕಿಕೊಂಡು ಸುಡುತ್ತಿತ್ತು. ನನ್ನ ಹೆರಿಗೆಗಳಲ್ಲೂ ನಾನು ಅಷ್ಟು ಹೊತ್ತು ಒಂದೇ ಕಡೆ ಇದ್ದವಳಲ್ಲ. ಪಕ್ಕದ ಮನೆಯವಳು ಇಣುಕಿ ನೋಡಿ, "ಏನಕ್ಕಾ, ಫೋಟೋ ತೆಗಿಸ್ಕಂತಿದ್ಯಾ?" ಅಂದಳು.

"ಹೂಂ ಕಣೇ, ಒಳಗಿಂದು."

ಹೃದಯದ ಚಿತ್ರ ಕೈಯಲ್ಲಿ ನಿಂತ ಮೇಲೆ ಉಳಿದವೂ ಒಂದೊಂದಾಗಿ ಹಿಂದೆ ಬಂದವು. ಎಡಗೈ ಎಡಗೈಗೆ ಬಂತು. ಕನ್ನಡಿ ಸ್ವಲ್ಪ ತಡವಾಯಿತು.

ಪರೀಕ್ಷೆಯ ದಿನ 'ಹೋಗಾಣ ನಡಿ' ಎಂದು ಇಬ್ಬರೂ ಬೆಳಗಿನ ಬಸ್ಸಿಗೆ ಹೊಸದುರ್ಗಕ್ಕೆ ಹೋದೆವು. ಗೇಟಿನ ಹತ್ತಿರ ಹುಡುಗಿ ಹಿಂದೆ ತಿರುಗಿ ನೋಡದೆ ಒಳಗೆ ಹೋದಳು. ಒಳ್ಳೆಯದು, ತಿರುಗಿ ನೋಡುವ ಕುರಿ ದಾಟುವುದಿಲ್ಲ.

ನಾನು ಗೇಟಿನ ಮುಂದೆ ಅತ್ತಿಂದಿತ್ತ ಓಡಾಡಿದೆ. ಪೊಲೀಸಿನವನು ಬಂದು, "ಇಲ್ಲಿ ನಿಲ್ಲಂಗಿಲ್ಲಜ್ಜಿ" ಅಂದ.

"ನಿಂತಿಲ್ಲಪ್ಪ, ನಡೀತಿದೀನಿ."

"ನಡೆಯಂಗೂ ಇಲ್ಲ. ಆ ಕಡೆ ಹೋಗ್ರಿ."

ಆ ಕಡೆ ಹೋದೆ. ಚಹಾದ ಅಂಗಡಿಯ ಮುಂದೆ ಮಗಳನ್ನು ಬರೆಯಲು ಕಳಿಸಿದ್ದ ಒಬ್ಬ ಹೆಂಗಸು ಕೂತಿದ್ದಳು. ನಾನು ಅಂಗಡಿಯಿಂದ ಹುಣಸೆ ಮರಕ್ಕೆ, ಹುಣಸೆ ಮರದಿಂದ ಅಂಗಡಿಗೆ ಓಡಾಡುವುದನ್ನು ನೋಡಿ ನೋಡಿ ಅವಳಿಗೆ ಸಾಕಾಯಿತು.

"ಕುಂತ್ಕಳ್ರಿ ಅಜ್ಜಿ, ನಿಮ್ಮನ್ನ ನೋಡಿ ನನಗೆ ತಲೆ ತಿರುಗ್ತೈತೆ."

"ನನಗೆ ಕುಂತ್ರೆ ತಿರುಗ್ತೈತೆ."

ಮೋಡ ಕಟ್ಟಿತು, ಮಳೆ ಬರಲಿಲ್ಲ. ಎರಡು ಸಲ ಚಹಾ ಕುಡಿದೆ, ರುಚಿ ಗೊತ್ತಾಗಲಿಲ್ಲ. ಕೊನೆಗೆ ಗಂಟೆ ಹೊಡೆಯಿತು. ರೊಪ್ಪದ ಬಾಗಿಲು ತೆಗೆದ ಹಾಗೆ ಮಕ್ಕಳು ನುಗ್ಗಿ ಬಂದರು. ನಾನು ಎಣಿಸಲಿಲ್ಲ. ನಮ್ಮದು ಬಂದಿಲ್ಲ ಎಂಬುದು ಮೊದಲು ಕಂಡಿತು, ಆಮೇಲೆ ಬಂದದ್ದು ಕಂಡಿತು. ಮುಖದಲ್ಲಿ ಏನೂ ತಿಳಿಯಲಿಲ್ಲ.

"ಗುಂಡಿಗೆ ಬಂದಿತ್ತಾ?"

"ಬಂದಿತ್ತಜ್ಜಿ. ಪೆನ್ಸಿಲ್ ಹಿಡಿದ ತಕ್ಷಣ ಮತ್ತೆ ಗಲಿಬಿಲಿ ಆಗೋತು. ನೀನು ಎದುರಿಗೆ ಇಲ್ವಲ್ಲ."

"ಮತ್ತೆ?"

"ರೂಮಿನಾಗೆ ಒಬ್ರು ಮೇಡಂ ಕಾಯ್ತಿದ್ರು. ಅವರನ್ನೇ ನೋಡ್ಕಂಡು ಬರೆಯಾಣ ಅಂತ ನೋಡಿದ್ರೆ, ಬೆನ್ನು ಹಾಕ್ಕಂಡು ಓಡಾಡ್ತಿದ್ದಾರೆ. ನಿನ್ನ ಕುರಿ ತರಾನೇ! ಅವರು ಈ ಕಡೆ ತಿರುಗೋವರೆಗೂ ಪೆನ್ಸಿಲ್ ಎತ್ಕಂಡು ಕಾಯ್ದೆ. ತಿರುಗಿದ್ರು. ದಿಟ್ಟಿಸಿ ನೋಡಿದೆ. 'ಏನಮ್ಮಾ, ನನ್ನೇ ನೋಡ್ತೀಯ, ನನ್ನ ಮೈಮೇಲೆ ಉತ್ತರ ಬರ್ದೈತಾ?' ಅಂದ್ರು."

"ನೀನೇನಂದೆ?"

"ಇಲ್ಲ ಮೇಡಂ ಅಂದೆ. ಆದ್ರೆ ಬರ್ದಿತ್ತು."

ಅವಳು ನಕ್ಕಳು. ನಾನು ನಗಲಿಲ್ಲ. ಇನ್ನೂ ಫಲಿತಾಂಶ ಬರಬೇಕಿತ್ತು.

ಅದು ಬರುವವರೆಗಿನ ದಿನಗಳನ್ನು ಹೇಗೆ ಕಳೆದೆನೋ ಬರೆಯಲಾರೆ. ಅಂಗಳದ ಮಣ್ಣು ಗುಡಿಸಿ ಗುಡಿಸಿ ಕಲ್ಲು ಮೇಲೆ ಬಂದಿತ್ತು. ಮಳೆ ಒಂದು ಹದ ಬಿತ್ತು. ಸುತ್ತ ಬಿತ್ತನೆ ಶುರುವಾಯಿತು. ಬಿತ್ತಿದ ನೆಲದಲ್ಲಿ ಮಂದೆಗೆ ಜಾಗವಿಲ್ಲ, ಹಾಗಾಗಿ ಮಗ ಈ ಕಡೆ ಬರದೆ ಹಿರಿಯೂರಿನ ಕಾಲುವೆ ಬಯಲಲ್ಲೇ ಉಳಿದ. ಮರಿಗಳು ಹೆಚ್ಚಾಗಿವೆ ಎಂದು ದಿನಕ್ಕೊಂದು ಫೋನು ಮಾಡುತ್ತಿದ್ದ. ಹುಡುಗಿಯ ಬಟ್ಟೆ ಕಟ್ಟಿಡು ಅನ್ನುತ್ತಿದ್ದ. ನಾನು ಕಟ್ಟಲಿಲ್ಲ. ಬಿಚ್ಚಿಡಲೂ ಇಲ್ಲ.

ಒಂದು ಮಧ್ಯಾಹ್ನ ಹುಡುಗಿ ಪಕ್ಕದ ಮನೆಯಿಂದ ಓಡಿ ಬಂದಳು. ಅವರ ಮೊಬೈಲಿನಲ್ಲಿ ನೋಡಿದ್ದಳು.

"ಪಾಸ್ ಕಣಜ್ಜಿ!"

"ಎಷ್ಟು?"

"ಎಷ್ಟಾದ್ರೇನು, ಪಾಸ್!"

ಅಂದರೆ ದಡ ಮುಟ್ಟಿದ್ದಾಳೆ ಅಷ್ಟೇ, ಮೈಯೆಲ್ಲ ನೀರು. ಗುಂಡಿಗೆಯೇ ದಾಟಿಸಿತೋ, ಕನ್ನಡಿ ದಾಟಿಸಿತೋ, ಬೆರಳು ದಾಟಿಸಿತೋ ಗೊತ್ತಿಲ್ಲ. ಉತ್ತರ ಪತ್ರಿಕೆಯನ್ನು ತರಿಸಿ ನೋಡಬಹುದಂತೆ. ದಾಟಿದ ಮೇಲೆ ನೀರಿನ ಆಳ ನೋಡುವವರುಂಟೇ?

ಮಗನಿಗೆ ನಾನೇ ಫೋನು ಮಾಡಿಸಿದೆ.

"ಪಾಸಾದ್ಲು ಕಣೋ."

ಆ ಕಡೆ ಅವನು ಯಾವುದೋ ಕುರಿಯನ್ನು ಗದರಿಸಿದ್ದು ಕೇಳಿತು. ಆಮೇಲೆ, "ನಿಜವಾಗ್ಲೂ ಬರ್ತೀಯೇನವ್ವ?" ಅಂದ.

"ಮಾತು ಆಡಿದ್ದು ನೀನಾ, ನಾನಾ?"

"ಮಳೆಗಾಲ. ಕಾಲುವೆ ದಂಡೆ ಜಾರ್ತದೆ."

"ಈ ಸಲ ಬಿದ್ರೆ ನೀನು ದಾಟ್ಕಂಡು ಮುಂದಕ್ಕೆ ಹೋಗು."

ಹಾಸ್ಟೆಲು ತೆರೆಯುವವರೆಗೆ ಹುಡುಗಿ ಹಟ್ಟಿಯಲ್ಲೇ ಇರುವ ನನ್ನ ತಂಗಿಯ ಮನೆಯಲ್ಲಿ ಇರುವುದು ಎಂದಾಯಿತು. ಕುಂಟು ಕುರಿಗಳನ್ನೂ ತಂಗಿಗೇ ಒಪ್ಪಿಸಿದೆ. ಹುಡುಗಿ ವಿಜ್ಞಾನದ ಪುಸ್ತಕ ತಂದು, "ಇದನ್ನೇನು ಮಾಡಾಣಜ್ಜಿ?" ಅಂದಳು. ಮುಂದಿನ ವರ್ಷ ಬರೆಯುವವರು ಯಾರಾದರೂ ಇದ್ದರೆ ಕೊಡು, ಹೃದಯದ ಹಾಳೆಯ ಮೇಲೆ 'ಎದುರಿನಿಂದ ನೋಡುವುದು' ಎಂದು ಬರೆದು ಕೊಡು ಅಂದೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಕಂಬಳಿ ಹೆಗಲಿಗೆ ಹಾಕಿ ಕೋಲು ಹಿಡಿದು ಹತ್ತಿದೆ. "ಕೋಲು ಕೆಳಗಿಡ್ರಿ ಅಜ್ಜಿ, ಯಾರ ಕಣ್ಣಿಗಾದ್ರೂ ಚುಚ್ಚೀತು" ಎಂದು ಕಂಡಕ್ಟರ್ ಗೊಣಗಿದ. ಹಿರಿಯೂರಿಗೆ ಮುಂಚೆಯೇ ಕಾಲುವೆಯ ಹತ್ತಿರ ಇಳಿದು ತೋಟದ ದಾರಿ ಹಿಡಿದೆ. ಮಂದೆಯನ್ನು ಆಗಷ್ಟೇ ಬಿಡುತ್ತಿದ್ದರು. ಸೊಸೆ ಒಲೆಯ ಮುಂದಿನಿಂದ ಎದ್ದು, "ಬರ್ರಿ ಅತ್ತೆ, ಚಾ ಆಗೈತೆ, ಕುಂತ್ಕಳ್ರಿ" ಅಂದಳು. ನಾನು ಮರಿಗಳನ್ನು ಕೂಡಿಟ್ಟ ಬಲೆಯ ಹತ್ತಿರ ನಿಂತು ನೋಡಿದೆ. ಒಂದು ತಾಯಿ ಕುರಿ ಮಂದೆಯ ಜೊತೆ ಹೋಗದೆ, ಕೆಚ್ಚಲು ಬಿಗಿದುಕೊಂಡು ಒದರುತ್ತಿತ್ತು.

"ಇದರ ಮರಿ ಎಲ್ಲೈತೆ?" ಅಂದೆ.

ಮಗ ಸೊಸೆಯ ಮುಖ ನೋಡಿದ, ಸೊಸೆ ಮಗನ ಮುಖ ನೋಡಿದಳು. ಚಹಾ ಅಲ್ಲೇ ಇರಲಿ ಎಂದು ಹೇಳಿ ಕೋಲು ಊರಿಕೊಂಡು ಕಾಲುವೆಯ ದಂಡೆಯ ಕಡೆ ಮರಿ ಹುಡುಕಲು ಹೊರಟೆ.